ಬುಟ್ಟಿಯಲ್ಲಿ ಬಂದ ದ್ವೀಪ

ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ನಾನು ಈ ವಾಕ್ಯವನ್ನು ಎಷ್ಟು ಹುಡುಗರಿಂದ ಬರೆಸಿದ್ದೆನೋ ಲೆಕ್ಕವಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತಿದ್ದೆ. ದ್ವೀಪವನ್ನು ಮಾತ್ರ ಕಂಡಿರಲಿಲ್ಲ. ನಮ್ಮ ಕಡೆ ನಾಲ್ಕೂ ದಿಕ್ಕಿಗೆ ನೀರಿರುವ ಜಾಗವೆಂದರೆ, ಜೋರು ಮಳೆಯಾದ ದಿನ ನಮ್ಮ ಶಾಲೆಯ ಮೂತ್ರಿಖಾನೆ ಒಂದೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನನ್ನ ಹೆಂಡತಿ ಗೌರಿಯ ತಮ್ಮ ಈರಣ್ಣನಿಗೆ ದ್ವೀಪದಲ್ಲೇ ನೌಕರಿ ಸಿಕ್ಕಿತ್ತು. ಕಾರವಾರದ ಆಚೆ ಸಮುದ್ರದ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ದೀಪದ ಕಂಬ. ಹಡಗುಗಳಿಗೆ ದಾರಿ ತೋರಿಸುವ ಆ ದೀಪ ಹಚ್ಚುವುದು ಇವನ ಕೆಲಸ. ಹುನಗುಂದದಲ್ಲಿ ಹುಟ್ಟಿ ಬೆಳೆದ, ಈಜು ಬಾರದ ಹುಡುಗ ವರ್ಷಗಟ್ಟಲೆ ಅಲ್ಲಿ ಒಬ್ಬನೇ ಇದ್ದ. ಸಾಮಾನಿನ ದೋಣಿ ಬಂದ ದಿನ ಮನುಷ್ಯರ ಮುಖ, ಇಲ್ಲದ ದಿನ ಹಕ್ಕಿಗಳ ಮುಖ. ರಜೆಯಲ್ಲಿ ಊರಿಗೆ ಬಂದರೆ ಮೊದಮೊದಲು ಅವನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅವನಿಗೆ ಬೇಗ ಒಂದು ಜೋಡಿ ಮಾಡಬೇಕು, ಇಲ್ಲದಿದ್ದರೆ ಹುಡುಗ ಕೈತಪ್ಪುತ್ತಾನೆ ಎಂದು ಗೌರಿ ದಿನಾ ಒಂದು ಸಲ ಅಳುತ್ತಿದ್ದಳು.

ನೋಡಿದ ಹೆಣ್ಣುಗಳ ಕಡೆಯವರು "ಮಗಳ್ನ ನೀರಾಗ ಕೊಡಾಕ ನಮಗೇನು ಹುಚ್ಚ ಹಿಡದೈತೇನ್ರಿ" ಎಂದು ಎದ್ದು ಹೋದರು. ಒಪ್ಪಿದವಳು ಬಾದಾಮಿಯ ಪಾರವ್ವ ಒಬ್ಬಳೇ. ಹೆಣ್ಣು ನೋಡುವ ದಿನ ಅವಲಕ್ಕಿಯ ತಟ್ಟೆ ಇಟ್ಟು ಒಳಗೆ ಹೋಗುವಾಗ ಒಂದು ಕ್ಷಣ ನಿಂತು ಈರಣ್ಣನನ್ನೇ ಕೇಳಿದಳು: "ನೀವು ಊರಿಗೆ ಬಂದಾಗ ಅಲ್ಲಿ ದೀಪಾ ಯಾರು ಹಚ್ತಾರ್ರಿ?"

ನಾವೆಲ್ಲ ಅಷ್ಟು ವರ್ಷ ಅವನ ಪಗಾರ ಕೇಳಿದ್ದೆವು. ದೀಪವನ್ನು ಕೇಳಿದವಳು ಅವಳೇ ಮೊದಲು. ಈರಣ್ಣ ಅವತ್ತೇ ಅರ್ಧ ಗಂಡನಾಗಿಬಿಟ್ಟ.

ಮೇ ತಿಂಗಳ ಒಂದು ಸೋಮವಾರ, ಹುನಗುಂದದಲ್ಲಿ ಲಗ್ನ ಎಂದು ಗೊತ್ತಾಯಿತು. ತೊಡಕು ಒಂದೇ. ಈರಣ್ಣನ ಬದಲಿ ಮನುಷ್ಯ ದ್ವೀಪಕ್ಕೆ ಬರುವುದು ಶುಕ್ರವಾರ. ಇವನು ಮಾರನೇ ದಿನ ಹೊರಟರೂ ಊರು ಮುಟ್ಟುವುದು ರವಿವಾರ. ಐನೋರು ಪಂಚಾಂಗ ನೋಡಿ, ಅರಿಶಿನ ಹಚ್ಚಲು ಶುಕ್ರವಾರ ಬಿಟ್ಟರೆ ಗಳಿಗೆಯೇ ಇಲ್ಲ ಎಂದರು. ಮನೆಯವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತರು. ಆಗ ನಾನು ಗಂಟಲು ಸರಿಮಾಡಿಕೊಂಡೆ.

"ಮದುಮಗ ಅರಿಷಿಣದ ಕಡೆ ಬರಾಕ ಆಗೂದಿಲ್ಲಂದ್ರ, ಅರಿಷಿಣಾನ ಮದುಮಗನ ಕಡೆ ಹೋಗ್ಲಿ."

ಐನೋರು ತಲೆದೂಗಿದರು. ಅತ್ತೆಯವರು ನನ್ನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಮುತ್ತೈದೆಯರು ಕೂಡಿ ಕುಟ್ಟಿದ ಒಂದೇ ಅರಿಶಿನ. ಅದರಲ್ಲಿ ಅರ್ಧ ಪಾರವ್ವನಿಗೆ ಹುನಗುಂದದಲ್ಲಿ, ಇನ್ನರ್ಧ ಈರಣ್ಣನಿಗೆ ದ್ವೀಪದಲ್ಲಿ, ಒಂದೇ ದಿನ ಹಚ್ಚುವುದು ಎಂದು ಠರಾವಾಯಿತು. ಹಚ್ಚಲು ಮುತ್ತೈದೆಯೊಬ್ಬಳು ಬೇಕಲ್ಲ, ಈರಣ್ಣನನ್ನು ಎತ್ತಿ ಆಡಿಸಿದ ಸೋದರತ್ತೆ ನೀಲವ್ವ ನನ್ನ ಜೊತೆ ಹೊರಟಳು.

ಇಲ್ಲಿ ಒಂದು ಮಾತು ಹೇಳಬೇಕು. ಮೈಗೆ ಅರಿಶಿನ ಹತ್ತಿದ ಮೇಲೆ, ತಲೆಯ ಮೇಲೆ ಲಗ್ನದ ಅಕ್ಕಿಕಾಳು ಬೀಳುವ ತನಕ, ಮದುಮಗನಾಗಲಿ ಮದುಮಗಳಾಗಲಿ ಇದ್ದ ಸೀಮೆ ಬಿಟ್ಟು ಹೋಗಬಾರದು, ನೀರನ್ನಂತೂ ದಾಟಲೇಬಾರದು ಎಂದು ನಮ್ಮ ಮನೆತನದಲ್ಲಿ ನಿಯಮವಿದೆ. ದಾಟಿದರೆ ಜೋಡಿಗೆ ಕೇಡು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಬಾದಾಮಿಗೂ ಹುನಗುಂದಕ್ಕೂ ನಡುವೆ ಮಲಪ್ರಭೆ ಇದ್ದಾಳೆ, ಆದ್ದರಿಂದ ಹೆಣ್ಣಿನವರನ್ನು ಗುರುವಾರವೇ ಕರೆತಂದು ಬಿಡಾರ ಮಾಡಿಸಬೇಕು ಎಂದು ಎಲ್ಲರಿಗೂ ತಿಳಿಸಿ ಹೇಳಿ ಏರ್ಪಾಡು ಮಾಡಿದವನೇ ನಾನು. ಮಲಪ್ರಭೆ ನನ್ನ ತಲೆಯಲ್ಲಿ ಇದ್ದಳು. ಅರಬ್ಬೀ ಸಮುದ್ರ ಇರಲಿಲ್ಲ!

ಶುಕ್ರವಾರ ಬೆಳಗಾಗುವಷ್ಟರಲ್ಲಿ ನಾವಿಬ್ಬರೂ ಬಂದರಿನಲ್ಲಿದ್ದೆವು. ನಮ್ಮನ್ನು ಒಯ್ಯುವವರು ಮಂಕಾಳಿ ಎಂಬ ಮೀನುಗಾರ ಮತ್ತು ಅವನ ತಮ್ಮ. ನಾನು ಪಠ್ಯಪುಸ್ತಕದ ಹಡಗನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಅವರ ದೋಣಿ ನಮ್ಮೂರಲ್ಲಿ ಎತ್ತುಗಳು ನೀರು ಕುಡಿಯುವ ಕಲ್ಲುದೋಣಿಗಿಂತ ತುಸು ದೊಡ್ಡದಿತ್ತು. ನೀಲವ್ವ ನನ್ನ ಅಂಗಿಯ ತೋಳು ಹಿಡಿದು, ನೀರು ಬಹಳ ಇದೆಯೇ ಎಂದು ಕೇಳಿದಳು. ಎಲ್ಲಿಯದು, ಒಂದು ಹಳ್ಳ ಇದ್ದಂತೆ ಎಂದೆ. ಆಕೆ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಇಳಕಲ್ ಸೀರೆಯ ಸೆರಗನ್ನು ನೆತ್ತಿಯಿಂದ ಗಲ್ಲದವರೆಗೆ ಎಳೆದುಕೊಂಡು ದೋಣಿಯ ತಳದಲ್ಲಿ ಕೂತವಳು ಆಮೇಲೆ ಕಣ್ಣೇ ತೆರೆಯಲಿಲ್ಲ.

ದಡ ದೂರವಾಗುತ್ತಲೇ ಅಲ್ಲೊಂದು ಇಲ್ಲೊಂದು ದ್ವೀಪ ಕಾಣತೊಡಗಿತು. ನನ್ನೊಳಗಿನ ಭೂಗೋಳದ ಮಾಸ್ತರ ಎದ್ದು ನಿಂತ. ನಾನೂ ಎದ್ದು ನಿಂತೆ. ಮಂಕಾಳಿ ಗದರಿಸಿ ಕೂರಿಸಿದ. ನೆಟ್ಟಗೆ ದೀಪದ ಗುಡ್ಡಕ್ಕೆ ಹೋದರೆ ಹೊತ್ತೇರುವ ಮೊದಲೇ ಮುಟ್ಟುತ್ತೇವೆ ಎಂದ ಅವನು. ಇಷ್ಟು ದೂರ ಬಂದು ಒಂದೇ ದ್ವೀಪ ನೋಡಿ ಹೋಗುವುದೇ? ಜೂನ್ ತಿಂಗಳಲ್ಲಿ "ನಾನು ಸ್ವತಃ ಕಂಡಂತೆ" ಎಂದು ಶುರು ಮಾಡುವ ಪಾಠ ಆಗಲೇ ನನ್ನ ಕಿವಿಯಲ್ಲಿ ಕೇಳಿಸುತ್ತಿತ್ತು. ಸುತ್ತಮುತ್ತಲಿನ ದ್ವೀಪಗಳನ್ನೆಲ್ಲ ತೋರಿಸು ಎಂದು ಅಪ್ಪಣೆ ಕೊಟ್ಟೆ.

"ಅಲ್ಲಿ ಎಂತದೂ ಇಲ್ಲ, ಮಾಸ್ತರೇ" ಎಂದ ಮಂಕಾಳಿ.

ಎಂತದೂ ಇರಲಿಲ್ಲ. ಮೊದಲ ದ್ವೀಪದಲ್ಲಿ ಯಾರೋ ತಂದು ಬಿಟ್ಟಿದ್ದ ಆಡುಗಳು ಸಾಲಾಗಿ ನಿಂತು ನಮ್ಮನ್ನು ನೋಡಿದವು. ನಾವೂ ಅವನ್ನು ನೋಡಿದೆವು. ಅವೇ ಆಡುಗಳನ್ನು ಬಾದಾಮಿಯ ಗುಡ್ಡದಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದಿತ್ತು. ಮುಂದಿನ ದ್ವೀಪ ದೂರದಿಂದ ಬೆಳ್ಳಗೆ ಹೊಳೆಯುತ್ತಿತ್ತು. ಅದು ಸುಣ್ಣದ ಕಲ್ಲು ಎಂದು ನಾನು ಶಾಸ್ತ್ರೋಕ್ತವಾಗಿ ವಿವರಿಸುತ್ತಿರುವಾಗಲೇ ಹಕ್ಕಿಗಳ ದಂಡು ಮೇಲೆದ್ದಿತು. ಹೊಳೆಯುತ್ತಿದ್ದದ್ದು ಕಲ್ಲಲ್ಲ, ತಲೆಮಾರುಗಳಿಂದ ಅವು ಮಾಡಿಟ್ಟದ್ದು. ಅದರ ಒಂದು ಪಾಲು ನನ್ನ ಟೊಪ್ಪಿಗೆಯ ಮೇಲೂ ಬಿತ್ತು. ಅದರಾಚೆಯ ದ್ವೀಪದಲ್ಲಿ ಗಂಭೀರವಾಗಿ ಕಾಲಿಟ್ಟೆ, ಪಾಚಿಯ ಮೇಲೆ ಜಾರಿದೆ, ಕೈಯಲ್ಲಿದ್ದ ಬುತ್ತಿಯ ಗಂಟು ನೀರಿಗೆ ಹೋಯಿತು. ಸಜ್ಜೆರೊಟ್ಟಿ, ಶೇಂಗಾಚಟ್ನಿ ಎಲ್ಲ ಮೀನುಗಳ ಪಾಲು. ಅರಿಶಿನದ ಡಬ್ಬಿ ನೀಲವ್ವನ ಸೊಂಟದಲ್ಲಿದ್ದುದರಿಂದ ಉಳಿಯಿತು. ಅದೂ ಹೋಗಿದ್ದರೆ ಎಷ್ಟು ಚಲೋ ಇತ್ತು ಎಂದು ಆಮೇಲೆ ಬಹಳ ಸಲ ಅಂದುಕೊಂಡಿದ್ದೇನೆ. ಈ ದ್ವೀಪಗಳ ನಡುವೆ ನಾನು ವಾಂತಿ ಮಾಡದ ಜಲಭಾಗವಿಲ್ಲ.

ದೀಪದ ಗುಡ್ಡ ಮುಟ್ಟಿದಾಗ ಸೂರ್ಯ ಇಳಿಯುತ್ತಿದ್ದ. ಬೆಳಿಗ್ಗೆಯಿಂದ ದಾರಿ ಕಾದಿದ್ದ ಈರಣ್ಣ ನೀರಿಗಿಳಿದು ಬಂದು ಅತ್ತೆಯನ್ನು ಎತ್ತಿಕೊಂಡ. ಶನಿವಾರ ಬೆಳಗಿಗೇ ಬರುತ್ತೇನೆ ಎಂದು ಹೇಳಿ ಮಂಕಾಳಿ ಹೋದ. ಈರಣ್ಣ ತನ್ನ ಒಂದು ಖೋಲಿಯ ಮನೆಗೆ ಹೊಸ ಸುಣ್ಣ ಬಳಿದಿದ್ದ. ಬಾಗಿಲಿಗೆ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಒಂದು ಮಲ್ಲಿಗೆ ಬಳ್ಳಿ. ಗೋಡೆಗೆ ಅವನ ಅಂಗಿಯ ಗೂಟದ ಪಕ್ಕ ಇನ್ನೊಂದು ಹೊಸ ಗೂಟ. ಗೂಡಿನಲ್ಲಿ ನೀಲಿ ಹೂವಿನ ಎರಡು ಚಹಾದ ಕಪ್ಪು. ಒಂದರ ಅಂಚು ಒಡೆದಿತ್ತು, ಇನ್ನೊಂದರೊಳಗೆ ಅಂಗಡಿಯ ಕಾಗದ ಹಾಗೇ ಇತ್ತು.

ಗಳಿಗೆ ಮೀರುತ್ತಿತ್ತು. ಆದರೂ ನನಗೆ ಮೊದಲು ಚಹಾ ಬೇಕಾಯಿತು. ನೀಲವ್ವ ತನ್ನ ಹಿತ್ತಾಳೆ ಲೋಟ ತೆಗೆದಳು. ನಾನು ಆ ಹೊಸ ಕಪ್ಪನ್ನು ತೋರಿಸಿ ಅದರಲ್ಲಿ ಕೊಡು ಎಂದೆ. ಅಕ್ಕನ ಗಂಡನಿಗೆ ಒಡಕು ಕಪ್ಪಿನಲ್ಲಿ ಕೊಡುತ್ತಾರೆಯೇ? ಈರಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಗೂಡಿನಿಂದ ಇಳಿಸಿದ. ಆಮೇಲೆ ಕಾಗದ ತೆಗೆದು, ಕಪ್ಪು ತೊಳೆದು, ಚಹಾ ಹಾಕಿಕೊಟ್ಟ.

ಚಹಾ ಮುಗಿಯುತ್ತಲೇ ನಾನೇ ಗಡಿಬಿಡಿ ಮಾಡಿದೆ. ಹೊತ್ತು ಮುಳುಗಿದರೆ ಎಲ್ಲ ಕೆಟ್ಟಿತು, ಹಚ್ಚಿರಿ, ಹಚ್ಚಿರಿ. ಇನ್ನೂ ತಲೆ ಗಿರ್ರೆನ್ನುತ್ತಿದ್ದ ನೀಲವ್ವ ಎದ್ದು ಈರಣ್ಣನನ್ನು ಮಣೆಯ ಮೇಲೆ ಕೂರಿಸಿ, ಸೋಬಾನದ ಎರಡು ನುಡಿ ಹಾಡಿ, ಹಣೆ, ಗಲ್ಲ, ತೋಳು, ಪಾದಗಳಿಗೆ ಅರಿಶಿನ ಹಚ್ಚಿದಳು. ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಸಾಧಿಸಿದೆ ಎನಿಸಿತು. ಕೈ ತೊಳೆಯಲು ಹೊರಗೆ ಹೋದ ನೀಲವ್ವ ಬೆಳಿಗ್ಗೆಯಿಂದ ಮೊದಲ ಸಲ ಸೆರಗು ಸರಿಸಿ ಸುತ್ತ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಳಿಯಂದ್ರ, ಇನ್ನ ಇಲ್ಲಿಂದ ಹೋಗೂದು ಹ್ಯಾಂಗ?"

"ಬಂದಂಗ. ದೋಣ್ಯಾಗ" ಎಂದೆ. ಹೇಳಿದ ಮೇಲೆ ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಶನಿವಾರ ಬೆಳಿಗ್ಗೆ ಮಂಕಾಳಿ ಬಂದ. ನೀಲವ್ವ ಈರಣ್ಣನ ಕೈ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ನಾನು ವಾದಕ್ಕೆ ನಿಂತೆ. ನಿಯಮ ಇರುವುದು ಹೊಳೆಗೆ, ಇದು ಸಮುದ್ರ ಎಂದೆ. ಹೊಳೆಗಳೆಲ್ಲ ಕೂಡಿದ್ದೇ ಸಮುದ್ರವಲ್ಲವೇ ಎಂದಳು. ನಮ್ಮ ಮಲಪ್ರಭೆ ಕೃಷ್ಣೆಯನ್ನು ಕೂಡಿ ಪೂರ್ವದ ಸಮುದ್ರಕ್ಕೆ ಹೋಗುತ್ತಾಳೆ, ಇದು ಪಶ್ಚಿಮದ್ದು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಮರಳಿನ ಮೇಲೆ ನಕಾಶೆ ಬರೆದೆ.

"ನಡುವ ಗ್ವಾಡಿ ಕಟ್ಟ್ಯಾರೇನ್ರಿ?" ಎಂದಳು ನೀಲವ್ವ.

ಮಂಕಾಳಿ ಎಲೆಯಡಿಕೆ ಹಾಕಿಕೊಂಡು ದೋಣಿಯ ಅಂಚಿನಲ್ಲಿ ಆರಾಮಾಗಿ ಕೂತ. ನಾನು ಈರಣ್ಣನ ಕಡೆ ತಿರುಗಿ, ನೀನಾದರೂ ಹೇಳು, ಓದಿದವನು ಎಂದೆ.

"ನನಗ ಏನರ ಆಗ್ಲಿ, ಮಾಮಾ. ಪಾರವ್ವಗ ಏನರ ಆದ್ರ?"

ಇದಕ್ಕೆ ಭೂಗೋಳದಲ್ಲಿ ಉತ್ತರವಿರಲಿಲ್ಲ. ಉತ್ತರ ಇಲ್ಲದಿದ್ದಾಗ ಮಾಸ್ತರರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ದನಿ ಏರಿಸಿದೆ. ಅಷ್ಟರಲ್ಲಿ ನೀಲವ್ವ "ಒಂದು ದಾರಿ..." ಎಂದು ಏನೋ ಹೇಳಲು ಬಾಯಿ ತೆಗೆದಿದ್ದಳು. ನಾನು ಕೈಯೆತ್ತಿ ತಡೆದು, "ಸಾಕ್ರಿ ನಿಮ್ಮ ಅಡಗೂಲಜ್ಜಿ ಕತಿ" ಎಂದುಬಿಟ್ಟೆ. ಆಕೆ ಬಾಯಿ ಮುಚ್ಚಿದಳು. ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಮಂಕಾಳಿ ಮಧ್ಯಾಹ್ನದವರೆಗೆ ಕಾದು, ನಾಳೆ ನೋಡುವ ಎಂದು ಹೊರಟುಹೋದ.

ರವಿವಾರ ಗಾಳಿ ಎದ್ದಿತು. ಸಮುದ್ರದಲ್ಲಿ ಒಂದು ದೋಣಿಯೂ ಕಾಣಲಿಲ್ಲ. ದ್ವೀಪ ಎಂದರೇನು ಎಂದು ಅವತ್ತು ನನಗೆ ತಿಳಿಯಿತು. ನಾಲ್ಕೂ ಕಡೆ ಒಂದೇ ಬೂದು ಬಣ್ಣ, ಒಂದೇ ಸಪ್ಪಳ. ಬೈಯಲೂ ಯಾರೂ ಇಲ್ಲದ ಜಾಗ. ಈ ಸಪ್ಪಳ ಕೇಳುತ್ತ ನಮ್ಮ ಹುಡುಗ ವರ್ಷಗಟ್ಟಲೆ ಹೇಗೆ ಇದ್ದನೋ. ಬದಲಿ ಬಂದವನು ಮೇಲೆ ದೀಪದ ಕಂಬದಲ್ಲಿ ತನ್ನ ಪಾಡಿಗೆ ಇದ್ದ. ನೀಲವ್ವ ಗೋಡೆಯ ಕಡೆ ತಿರುಗಿಯೇ ಮಲಗಿದ್ದಳು. ಈರಣ್ಣ ಮಲ್ಲಿಗೆ ಬಳ್ಳಿಗೆ ನೀರು ಹಾಕಿ, ಒಣಗುತ್ತಿದ್ದ ಅರಿಶಿನ ಉದುರದಂತೆ ಮುಖ ಅಲುಗಿಸದೆ ಕೂತಿದ್ದ.

ಸೋಮವಾರವೂ ಗಾಳಿ ನಿಲ್ಲಲಿಲ್ಲ. ಅಕ್ಕಿಕಾಳಿನ ಹೊತ್ತಿಗೆ ನೀಲವ್ವ ಸೆರಗಿನ ಗಂಟಿನಿಂದ ಒಂದು ಹಿಡಿ ಅಕ್ಕಿ ತೆಗೆದಳು. ಈರಣ್ಣ ಒಂದು ಕಲ್ಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತ. ಅಲ್ಲಿ ಹಂದರದಲ್ಲಿ ಪಾರವ್ವ ಒಬ್ಬಳೇ ಕೂತಿರುತ್ತಾಳೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಸುಮ್ಮನಿರಬಹುದಿತ್ತು. ಹುನಗುಂದ ಇಲ್ಲಿಂದ ಪೂರ್ವಕ್ಕಲ್ಲ, ಈಶಾನ್ಯಕ್ಕೆ ಬರುತ್ತದೆ ಎಂದೆ. ಈರಣ್ಣ ಸ್ವಲ್ಪ ಸರಿದು ಕೂತ. ನೀಲವ್ವ ಅವನ ತಲೆಯ ಮೇಲೆ ಅಕ್ಕಿ ಹಾಕಿದಳು. ಅರ್ಧ ಗಾಳಿಗೆ ಹಾರಿ ನನ್ನ ಮೇಲೆ ಬಿತ್ತು.

ಜೋಡಿಯಿಲ್ಲದೆ ಬಿದ್ದ ಅಕ್ಕಿಕಾಳು ಲೆಕ್ಕಕ್ಕಿಲ್ಲ ಎಂದು ಆಮೇಲೆ ಆಕೆ ಬಹಳ ಅತ್ತಳು. ಅತ್ತು ಮೂಗೊರೆಸಿಕೊಂಡು, ಈರಣ್ಣನಿಗೆ ಒಂದು ಬುಟ್ಟಿ ತಾ ಎಂದಳು. ಇದ್ದ ಸೀಮೆಯ ಮಣ್ಣನ್ನು ಬುಟ್ಟಿಗೆ ತುಂಬಿ ಅದರ ಮೇಲೆ ಪಾದ ಇಟ್ಟುಕೊಂಡರೆ ಸೀಮೆ ಬಿಟ್ಟಂತಾಗುವುದಿಲ್ಲ, ನೀರು ದಾಟಬಹುದು. ಆಕೆಯ ಲಗ್ನದಲ್ಲಿ ಹೊಳೆ ಬಂದಾಗ ಹಿರಿಯರು ಹಾಗೇ ಮಾಡಿದ್ದರಂತೆ.

"ಇದನ್ನ ಶನಿವಾರ ಯಾಕ ಹೇಳ್ಲಿಲ್ರಿ?" ಎಂದು ಕೇಳಿದೆ.

"ಹೇಳಾಕ ಬಾಯಿ ತಗದಿದ್ದೆ. ನೀವು ಅಡಗೂಲಜ್ಜಿ ಅಂದ್ರಿ. ಅಡಗೂಲಜ್ಜಿಗೆ ಸಿಟ್ಟ ಬಂತು." ಆಕೆಯೇ ಮತ್ತೆ ಅಂದಳು: "ಸಿಟ್ಟಿನಾಗ ನಾನೂ ಹುಡುಗನ್ನ ಮರತೆ."

ಮಂಗಳವಾರ ಗಾಳಿ ಇಳಿದು ಮಂಕಾಳಿ ಬಂದ. ಗುಡ್ಡದ ಕೆಂಪು ಮಣ್ಣು ಅರ್ಧ ಬುಟ್ಟಿ. ಅದರೊಳಗೆ ಪಾದ ಊರಿಕೊಂಡು ಈರಣ್ಣ ದೋಣಿಯ ನಡುವೆ ಕೂತ. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ! ನನ್ನ ವಾಕ್ಯಕ್ಕೆ ಇಷ್ಟು ಸರಿಯಾಗಿ ಹೊಂದುವ ದ್ವೀಪವನ್ನು ನಾನು ಮತ್ತೆ ಕಂಡಿಲ್ಲ. ದಡ ಮುಟ್ಟಿದ ಮೇಲೂ ಪಾದ ಬೇರೆ ನೆಲ ಮುಟ್ಟಬಾರದು ಎಂದು ನೀಲವ್ವ ಕಟ್ಟಳೆ ಮಾಡಿದಳು. ಬಂದರಿನಿಂದ ಬಸ್ಸಿಗೆ, ಆ ಬಸ್ಸಿನಿಂದ ಹುಬ್ಬಳ್ಳಿಯಲ್ಲಿ ಇನ್ನೊಂದು ಬಸ್ಸಿಗೆ ಮದುಮಗನನ್ನು ಬೆನ್ನ ಮೇಲೆ ಹೊತ್ತವನು ನಾನು. ಬುಟ್ಟಿ ನೀಲವ್ವನ ತಲೆಯ ಮೇಲೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮಸ್ಕಾರ ಮಾಡಿದ. ತಿರುಗಿ ನಮಸ್ಕರಿಸಲು ನನಗೆ ಕೈ ಖಾಲಿ ಇರಲಿಲ್ಲ. ಮುಂದಿನ ಬಸ್ಸಿನಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ, ಹಳದಿ ಮೈಯ ಈರಣ್ಣನನ್ನೂ ಕಾಲಡಿಯ ಬುಟ್ಟಿಯನ್ನೂ ನೋಡಿ, ಬೀರಪ್ಪ ದೇವರ ದೊಡ್ಡ ಹರಕೆಯೇ ಇರಬೇಕೆಂದು ಕೈಮುಗಿದು, ಒಂದು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡ. ತಿಳಿಸಿ ಹೇಳಬೇಕೆಂದು ಬಾಯಿ ತೆರೆದೆ. ನೀಲವ್ವ ನನ್ನ ಕಡೆ ನೋಡಿದಳು. ಮುಚ್ಚಿದೆ.

ಬುಧವಾರ ಬೆಳಗಿನ ಹೊತ್ತು ಹುನಗುಂದ ಮುಟ್ಟಿದಾಗ ಹಂದರದ ಗಳ ಬಿಚ್ಚುತ್ತಿದ್ದರು. ಅತ್ತೆಯವರು ಒಳಗೆ ಮಲಗಿದ್ದರು. ಗೌರಿ ಹೊರಗೆ ಬಂದು ತಮ್ಮನ ಮುಖ ನೋಡಿದಳು, ಬುಟ್ಟಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಿನ್ನೆ ಕರಕೊಂಡು ಹೋದ್ರು. ಪಾರವ್ವ ಹಂದರದ ಕಂಬಾ ಹಿಡಕೊಂಡಿದ್ಲು. ಅರಿಷಿಣ ಹಚ್ಚೈತಿ, ನಾ ನೀರ ದಾಟೂದಿಲ್ಲ, ಇಲ್ಲೇ ಕಾಯ್ತೇನಿ ಅಂದ್ಲು."

"ಮತ್ತ?" ಎಂದಳು ನೀಲವ್ವ.

"ಅವರಪ್ಪ ನಮ್ಮ ಅಂಗಳದ ಮಣ್ಣ ಬುಟ್ಟಿಗೆ ತುಂಬಿ, ಅದರಾಗ ಆಕಿ ಪಾದಾ ಇಡಿಸಿ, ಜೀಪಿನಾಗ ಕುಂದ್ರಿಸಿದ್ರು."

ಆ ಉಪಾಯ ನಮ್ಮ ಮನೆಯವರಿಗಷ್ಟೇ ಗೊತ್ತು ಎಂದು ಯಾರು ಹೇಳಿದ್ದರು? ನಾನು ಗೋಡೆ ಹಿಡಿದು ಕೂತೆ. ನೀಲವ್ವ ಮಾತ್ರ ಕೂರಲಿಲ್ಲ. ಪಾರವ್ವನ ಪಾದ ನಮ್ಮ ಅಂಗಳದ ಮಣ್ಣಿನ ಮೇಲಿದೆ, ಅಂದ ಮೇಲೆ ಅವಳು ಇನ್ನೂ ನಮ್ಮ ಹಂದರದಲ್ಲೇ ಇದ್ದಾಳೆ. ಎರಡೂ ಬುಟ್ಟಿಯ ಮಣ್ಣು ಕೂಡಿಸಿ ಅದರ ಮೇಲೆ ಇಬ್ಬರನ್ನೂ ನಿಲ್ಲಿಸಿ ಅಕ್ಕಿಕಾಳು ಹಾಕೋಣ ಎಂದಳು. ಈರಣ್ಣನ ಮುಖ ಅರಳಿತು. ಗಲ್ಲದ ಅರಿಶಿನ ಚೂರು ಉದುರಿತು. ನೀರನ್ನೂ ಕುಡಿಯದೆ ಅವನನ್ನು ಮತ್ತೆ ಹೊತ್ತು ಬಸ್ಸು ಹತ್ತಿಸಿದೆ. ಬಾದಾಮಿಯ ದಾರಿಯಲ್ಲಿ ಮಲಪ್ರಭೆಯ ಸೇತುವೆ ಬಂದಾಗ ಅವನು ಬುಟ್ಟಿಯೊಳಗೆ ಪಾದಗಳನ್ನು ಇನ್ನಷ್ಟು ಒತ್ತಿ ಇಟ್ಟುಕೊಂಡ.

ಬೀಗರ ಮನೆಯ ಬಾಗಿಲಿಗೆ ಹಸಿ ಮಾವಿನೆಲೆಯ ತೋರಣವಿತ್ತು. ಜಗಲಿಯ ಕೆಳಗೆ ಒಂದು ಬುಟ್ಟಿ ಬೋರಲು ಬಿದ್ದಿತ್ತು. ಅದರ ಪಕ್ಕದಲ್ಲಿ ನಮ್ಮ ಅಂಗಳದ ಕರಿಮಣ್ಣು, ಆಗಲೇ ಅರ್ಧ ತುಳಿದು ಹೋಗಿತ್ತು.

ಪಾರವ್ವನ ಅಪ್ಪ ಹೊರಗೆ ಬಂದು ಕೈಮುಗಿದರು. ಬೈಯಲಿಲ್ಲ. ಬೈದಿದ್ದರೆ ನನಗೂ ನಾಲ್ಕು ಮಾತಾಡಲು ಬರುತ್ತಿತ್ತು.

"ಹಚ್ಚಿದ ಅರಿಷಿಣ ಮೈಮ್ಯಾಗ ಇಟಗೊಂಡು ಹುಡುಗಿ ಎಷ್ಟಂತ ಕುಂದರಬೇಕ್ರಿ, ಮಾಸ್ತರ? ಮುಂಜಾನೆ ನಮ್ಮ ತಂಗಿ ಮಗಗ ಕೊಟ್ಟು ಅಕ್ಕಿಕಾಳ ಹಾಕಿದ್ವಿ. ಬಂದೀರಿ, ಉಂಡು ಹೋಗ್ರಿ."

ಒಳಗಿನಿಂದ ಪಾರವ್ವ ಬಂದು ನೀಲವ್ವನ ಕಾಲು ಮುಟ್ಟಿದಳು. ಮಿಂದು ಬಂದಿದ್ದಳು; ಮುಖದಲ್ಲಿ ಅರಿಶಿನವಿರಲಿಲ್ಲ. ಎದ್ದು ನಿಂತಾಗ ಜಗಲಿಯ ತುದಿಯಲ್ಲಿ ಬುಟ್ಟಿಯೊಳಗೆ ಪಾದವಿಟ್ಟು ಕೂತಿದ್ದ ಈರಣ್ಣ ಕಂಡ.

"ಈಗ ಅಲ್ಲಿ ದೀಪಾ ಯಾರು ಹಚ್ಚಾಕತ್ತಾರ್ರಿ?" ಎಂದಳು.

"ಬದಲಿ ಬಂದಾನ" ಎಂದ ಈರಣ್ಣ.

ಅವಳು ಒಳಗೆ ಹೋದಳು. ಈರಣ್ಣ ಒಂದೊಂದೇ ಪಾದ ತೆಗೆದು, ಕೆಂಪು ಮಣ್ಣು ಜಾಡಿಸಿ, ಬಾದಾಮಿಯ ನೆಲದ ಮೇಲೆ ಇಟ್ಟ. ಏನೂ ಆಗಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ನಮ್ಮನ್ನು ಊಟಕ್ಕೆ ಕೂರಿಸಿದರು. ಅವನೂ ನೀಲವ್ವನೂ ಎರಡು ತುತ್ತು ಉಂಡು ಎದ್ದರು. ನಾನು ಎಷ್ಟು ಉಂಡೆ ಎನ್ನುವುದನ್ನು ಗೌರಿಗೆ ಇವತ್ತಿಗೂ ಹೇಳಿಲ್ಲ. ಹೋಳಿಗೆ ಚಲೋ ಆಗಿದ್ದವು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ದ್ವೀಪದ ಪಾಠ ಬಂತು. ವಾಕ್ಯ ಬರೆಸಿ, ಸ್ವತಃ ಕಂಡದ್ದರ ಮಾತೆತ್ತದೆ, ಮುಂದಿನ ಪಾಠಕ್ಕೆ ಹೋದೆ. ಮನೆಯಲ್ಲಿ ನಾನು ಯಾವುದಾದರೂ ವಿಷಯ ತಿಳಿಸಿ ಹೇಳಲು ಗಂಟಲು ಸರಿಮಾಡಿಕೊಂಡರೆ ಸಾಕು, ಗೌರಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಈರಣ್ಣನಿಗೆ ಆಮೇಲೆ ಬೇರೆ ಬೇರೆ ದ್ವೀಪಗಳಿಗೆ ವರ್ಗವಾಯಿತು. ಲಗ್ನದ ಮಾತು ತೆಗೆದರೆ ನಗುತ್ತಾನೆ, ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಹೋದಲ್ಲೆಲ್ಲ ಆ ನೀಲಿ ಹೂವಿನ ಎರಡೂ ಕಪ್ಪು ಒಯ್ಯುತ್ತಾನಂತೆ. ಒಡಕು ಕಪ್ಪಿನಲ್ಲಿ ತಾನು ಕುಡಿಯುತ್ತಾನೆ, ಹೊಸದನ್ನು ತೊಳೆದು ಗೂಡಿನಲ್ಲಿ ಇಡುತ್ತಾನೆ. ನನಗೆ ತಿಳಿದಂತೆ ಆ ಹೊಸ ಕಪ್ಪಿನಲ್ಲಿ ಚಹಾ ಕುಡಿದವನು ಇಲ್ಲಿಯವರೆಗೆ ನಾನೊಬ್ಬನೇ. ಸಕ್ಕರೆ ಸ್ವಲ್ಪ ಕಡಿಮೆಯಾಗಿದೆ ಅಂತಲೂ ಅಂದಿದ್ದೆ.